ಆರು ಅಂಕದ ಬೆಲೆ

ಹೊಸ ಬೋಧನಕ್ರಮದಿಂದ ಮಕ್ಕಳಿಗೆ ಪ್ರಯೋಜನವಾಯಿತೆಂದು ಯಾರಾದರೂ ಬರೆದರೆ, ಎಷ್ಟು ಪ್ರಯೋಜನವೆಂದು ಕೇಳುವುದು ನಮ್ಮ ಅಭ್ಯಾಸ. ಕೊಯಮತ್ತೂರು ಜಿಲ್ಲೆಯ ಸಿರುಮುಗೈಯಲ್ಲಿ ನೇಕಾರರ ಮನೆಗಳ ಮಕ್ಕಳು ಮನೆಯಲ್ಲಿ ಕನ್ನಡವನ್ನಾಡಿ ಶಾಲೆಯಲ್ಲಿ ತಮಿಳನ್ನೋದುತ್ತಾರೆ. ಅಂಥವರಿಗೆ ಕನ್ನಡದ ಅಕ್ಷರವನ್ನು ಹೇಗೆ ಕಲಿಸಬೇಕೆಂಬ ಮಾತು ಬಂದಾಗಲೆಲ್ಲ ಈ ಪ್ರಶ್ನೆ ನಮ್ಮನ್ನು ಕಾಡಿದೆ. ಸಂಜೆಯ ಒಂದು ಗಂಟೆ ಆ ಮಕ್ಕಳಿಗೆ ಅಗ್ಗವಾದುದಲ್ಲ.

ಮನಃಶಾಸ್ತ್ರಜ್ಞರು ಇದಕ್ಕೊಂದು ಅಳತೆಯನ್ನು ಇಟ್ಟುಕೊಂಡಿದ್ದಾರೆ. ಎರಡು ಗುಂಪುಗಳ ಸರಾಸರಿಗಳ ಅಂತರವನ್ನು, ಗುಂಪಿನೊಳಗೆ ಅಂಕಗಳು ಚದರಿರುವ ಪ್ರಮಾಣದಿಂದ, ಎಂದರೆ ಮಾನಕ ವಿಚಲನೆಯಿಂದ, ಭಾಗಿಸುತ್ತಾರೆ. ಜೇಕಬ್ ಕೋಹೆನ್ ಎಂಬ ವಿದ್ವಾಂಸರು 1969ರ ತಮ್ಮ ಗ್ರಂಥದಲ್ಲಿ 0.2 ಅಲ್ಪ, 0.5 ಮಧ್ಯಮ, 0.8 ಅಧಿಕ ಎಂದರು. ಬೇರೆ ಆಧಾರವಿಲ್ಲದಾಗ ಮಾತ್ರ ಇವನ್ನು ಬಳಸಬೇಕೆಂದೂ ಎಚ್ಚರಿಸಿದರು. ಎಚ್ಚರಿಕೆ ಮರೆತುಹೋಯಿತು, ಸಂಖ್ಯೆಗಳು ಉಳಿದುವು.

ತೊಡಕಿರುವುದು ಭಾಜಕದಲ್ಲಿ. ಹೊಸ ಕ್ರಮದಿಂದ 6 ಅಂಕ ಹೆಚ್ಚಿತೆನ್ನೋಣ. ಎಲ್ಲ ತೆರನ ಮಕ್ಕಳಿರುವ ತರಗತಿಯಲ್ಲಿ ವಿಚಲನೆ 12 ಆದರೆ ಪರಿಣಾಮ 0.5. ಜಾಣರನ್ನೇ ಆರಿಸಿ ಕೂರಿಸಿದ ತರಗತಿಯಲ್ಲಿ ವಿಚಲನೆ 6 ಆದರೆ ಅದೇ 6 ಅಂಕ 1.0 ಆಗಿಬಿಡುತ್ತದೆ! ಮಕ್ಕಳು ಕಲಿತದ್ದು ಮಾತ್ರ ಅಷ್ಟೇ. ಆದುದರಿಂದ, ಭಾಜಕವು ಯಾವ ಮಕ್ಕಳದೆಂದು ಹೇಳದ ಲೆಕ್ಕವನ್ನು ನಾವು ನಂಬುವುದಿಲ್ಲ.

ಮಕ್ಕಳು ಕಡಮೆಯಾದರೆ ಮತ್ತೊಂದು ಕಷ್ಟ. ಗುಂಪಿಗೆ ಐವರಂತೆ ಹತ್ತು ಮಕ್ಕಳಲ್ಲಿ 0.8 ದೊರೆತರೆ, ನೂರಕ್ಕೆ 95ರ ಭರವಸೆಯ ಎಲ್ಲೆಯು ಸೊನ್ನೆಗಿಂತ ಅರ್ಧ ಕೆಳಗಿನಿಂದ 2ರ ಆಚೆಯವರೆಗೂ ಹಬ್ಬುತ್ತದೆ. ಹೊಸ ಕ್ರಮ ಕೆಡುಕನ್ನೇ ಮಾಡಿರಲೂಬಹುದು! ಇಂತಹ ಪ್ರಯೋಗಗಳಲ್ಲಿ ದೊಡ್ಡ ಫಲ ಬಂದುವು ಅಚ್ಚಾಗುತ್ತವೆ. ಉಳಿದುವು ಬಹುಮಟ್ಟಿಗೆ ಬರೆದವರ ಬಳಿಯಲ್ಲೇ ಉಳಿಯುತ್ತವೆ. 100 ಮನಃಶಾಸ್ತ್ರೀಯ ಅಧ್ಯಯನಗಳನ್ನು ಮತ್ತೆ ನಡೆಸಿ ನೋಡಿದ ಫಲ 2015ರಲ್ಲಿ ಪ್ರಕಟವಾಯಿತು. ಪರಿಣಾಮಗಳು ಸರಾಸರಿಯಲ್ಲಿ ಮೊದಲಿನ ಅರ್ಧಕ್ಕಿಳಿದಿದ್ದುವು. ತಿರುಪ್ಪೂರಿನ ಬನಿಯನ್ ಕಾರ್ಖಾನೆಯವರಿಗೆ ಇದು ವಿಚಿತ್ರವೆನಿಸದು. ಹೆಣೆದ ಬಟ್ಟೆ ಕುಗ್ಗುವುದೆಂದು ಅರಿತು, ಒಂದು ತುಂಡನ್ನು ತೊಳೆದು ಅಳೆದ ಮೇಲೆಯೇ ಅವರು ಕತ್ತರಿ ಹಾಕುವುದು.

ನಮ್ಮ ಉಪಾಧ್ಯಾಯರು ಐದಾರು ಮಕ್ಕಳ ಸಂಜೆಪಾಠದಲ್ಲಿ ಪ್ರಯೋಗ ನಡೆಸಬಾರದೆಂದಲ್ಲ. ಯಾವ ಪರೀಕ್ಷೆಯಿಂದ ಅಳೆಯುವುದೆಂಬುದನ್ನು ಮೊದಲೇ ಗೊತ್ತುಮಾಡಿಕೊಂಡು, ಪ್ರತಿ ಮಗುವಿನ ಅಂಕವನ್ನೂ ಬರೆದಿಡಲಿ. ಮೆಟ್ಟುಪಾಳ್ಯದವರು, ಉಡುಮಲಪೇಟೆಯವರು ಅದೇ ಪರೀಕ್ಷೆಯನ್ನು ಕೊಟ್ಟು ತಮ್ಮ ಅಂಕಗಳನ್ನು ಜೊತೆಗೂಡಿಸಿದರೆ ಐದು ಐವತ್ತಾದೀತು. ಏನೂ ಪ್ರಯೋಜನ ಕಾಣದ ತರಗತಿಯ ಅಂಕಗಳನ್ನೂ ದಯವಿಟ್ಟು ಕಳುಹಿಸತಕ್ಕದ್ದು.