ತಳಪಾಯದ ದುಡ್ಡು

ಗ್ರಾಮಸಭೆ ಅಂದರೆ ನಮಗೆ ಮೊದಲು ನೆನಪಾಗೋದು ಜಗಲಿ. ಊರ ಮುಂದಿನ ದೇವಸ್ಥಾನದ ಜಗಲಿ. ಮೇಲೆ ಕುರ್ಚಿ, ಟೇಬಲ್ಲು, ಮೈಕು. ಕೆಳಗೆ ಬೇವಿನ ಮರದ ಪಕ್ಕ ನಾವು. ಹತ್ತಬೇಡಿ ಅಂತ ಈಗ ಯಾರೂ ಬಾಯಿಬಿಟ್ಟು ಹೇಳೋದಿಲ್ಲ. ಹೇಳಬೇಕಾಗೂ ಇಲ್ಲ, ನಮ್ಮ ಕಾಲುಗಳಿಗೇ ಅದು ಗೊತ್ತು. ಮನೆ ಯಾರಿಗೆ ಅನ್ನೋದನ್ನ ಜನರೇ ಕೂತು ತೀರ್ಮಾನಿಸಬೇಕು ಎಂದು ಕಾನೂನು ಹೇಳುತ್ತದಲ್ಲ, ಆ ತೀರ್ಮಾನ ಆಗೋದು ಇಲ್ಲೇ.

ಕಾನೂನು ಸುಳ್ಳು ಅಂತ ನಾವು ಹೇಳುತ್ತಿಲ್ಲ. 1993ರಲ್ಲಿ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂತು, ಅದೇ ವರ್ಷ ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆಯೂ ಬಂತು. ಆದರೆ ಇಷ್ಟು ಮನೆ ಅನ್ನೋ ಗುರಿ ಬರೋದು ಬೆಂಗಳೂರಿಂದ. ದುಡ್ಡು ಬರೋದು ಬೆಂಗಳೂರಿಂದ, ದಿಲ್ಲಿಯಿಂದ. ಪ್ರಧಾನಮಂತ್ರಿಗಳ ಹೆಸರಿನ ಗ್ರಾಮೀಣ ಮನೆಗೆ ದಿಲ್ಲಿ 60 ಪೈಸೆ ಹಾಕಿದರೆ ರಾಜ್ಯ 40 ಪೈಸೆ. ಪಂಚಾಯ್ತಿ ಎತ್ತುವ ಮನೆಗಂದಾಯಕ್ಕೆ ಮನೆ ಕಟ್ಟಿಸುವ ತಾಕತ್ತಿಲ್ಲ. ಊರ ಕೈಗೆ ಸಿಗೋದು ಒಂದೇ, ಪಟ್ಟಿಗೆ ಹೆಸರು ಸೇರಿಸೋದು, ಪಟ್ಟಿಯಿಂದ ಹೆಸರು ಹೊಡೆಯೋದು. ಆ ಒಂದನ್ನ ಜಗಲಿಯ ಮೇಲಿನವರು ಬಿಟ್ಟುಕೊಟ್ಟಾರೆಯೆ?

ಬಾಬಾಸಾಹೇಬರು ಇದನ್ನ ಮೊದಲೇ ಕಂಡಿದ್ದರು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನ ಹಾಡಿ ಹೊಗಳುವವರ ಎದುರಿಗೇ ನಿಂತು, ಈ ಕರಡು ಹಳ್ಳಿಯನ್ನ ಬಿಟ್ಟು ಮನುಷ್ಯನನ್ನ ಘಟಕವಾಗಿ ಇಟ್ಟುಕೊಂಡದ್ದು ಒಳ್ಳೆಯದಾಯಿತು ಅಂದರು. ಆಮೇಲೆ 40ನೇ ವಿಧಿಯಾಗಿ ಪಂಚಾಯ್ತಿ ಒಳಗೆ ಬಂತು. ಬರಲಿ, ಪಂಚಾಯ್ತಿ ಬೇಡ ಅನ್ನೋರಲ್ಲ ನಾವು. ನಮ್ಮ ತಕರಾರು ಇಷ್ಟೆ, ಊರು ಅಂತ ಬರೆದ ಕಡೆಯಲ್ಲೆಲ್ಲ ಕೇರಿಯೂ ಸೇರಿದೆ ಅಂತ ಯಾರು ಓದುತ್ತಾರೆ?

ನಮ್ಮ ಕೇರಿಯ ಗೋಡೆಗಳನ್ನ ನೋಡಿದರೆ ಸರ್ಕಾರಗಳ ವಯಸ್ಸು ಹೇಳಬಹುದು. ದೇವರಾಜ ಅರಸರ ಕಾಲದ ಜನತಾ ಮನೆ ಎರಡು ನಿಂತಿವೆ, ಒಂದರಲ್ಲಿ ಮೇಕೆ ಕಟ್ಟುತ್ತಾರೆ. 1991-92ರಲ್ಲಿ ಶುರುವಾದ ಆಶ್ರಯ ಯೋಜನೆಯ ಮನೆಗಳು ಸೋರುತ್ತಿವೆ. ಒಂದೊಂದು ಮನೆಯಲ್ಲೂ ಮೂರು ಸಂಸಾರ.

2019ರಲ್ಲಿ ಒಂದು ಸಭೆ. ಪಟ್ಟಿ ಓದಲು ನಮ್ಮ ಕೈಗೇ ಕೊಟ್ಟರು. ಬಿ.ಎ. ಓದಿದ ಹುಡುಗರಲ್ಲವೆ, ನಮ್ಮ ಬಾಯಿಂದಲೇ ಬಂದರೆ ಕೇರಿಯವರು ತಕರಾರು ತೆಗೆಯೋದಿಲ್ಲ ಅಂತ ಲೆಕ್ಕ. ಕೆಳಗೇ ನಿಂತು ಓದಿದೆವು. ಕೇಂದ್ರದ ಪಟ್ಟಿಯಲ್ಲಿ ಒಬ್ಬ ಅಣ್ಣನ ಹೆಸರು ಹೊಡೆದಿತ್ತು. ಸಿಮೆಂಟು ಹೊರೋ ಕೆಲಸಕ್ಕೆ ಪೇಟೆಗೆ ಹೋಗಿಬರಲು ಹಳೇ ಮೊಪೆಡ್ ಕೊಂಡಿದ್ದ. ಮೋಟಾರ್ ಗಾಡಿ ಇದ್ದವನು ಬಡವನಲ್ಲ ಅಂತ ಆಗ ನಿಯಮ. 2024ರಲ್ಲಿ ದ್ವಿಚಕ್ರದ ಆ ನಿಯಮ ತೆಗೆದರು. ಅಷ್ಟು ಹೊತ್ತಿಗೆ ಆ ಮೊಪೆಡ್ ಗುಜರಿಗೆ ಹೋಗಿತ್ತು.

ರಾಜ್ಯದ ಅಂಬೇಡ್ಕರ್ ನಿವಾಸ್ ಪಟ್ಟಿಯಲ್ಲಿ ನಮ್ಮ ದೊಡ್ಡವ್ವನ ಹೆಸರಿತ್ತು. 1.75 ಲಕ್ಷ, ನಾಲ್ಕು ಕಂತು. ತಳಪಾಯ, ಲಿಂಟಲ್, ಚಾವಣಿ, ಪೂರ್ತಿ. ಒಂದೊಂದು ಹಂತ ಮುಗಿದ ಮೇಲೆ ಮೊಬೈಲಿನಲ್ಲಿ ಫೋಟೋ, ಆಮೇಲೆ ದುಡ್ಡು. ಎಲ್ಲರೂ ಚಪ್ಪಾಳೆ ತಟ್ಟಿದರು. ದೊಡ್ಡವ್ವ ತಟ್ಟಲಿಲ್ಲ.

'ಬುದ್ಧೀ, ಒಂದ್ ಮಾತು' ಅಂದಳು. ಆ 'ಬುದ್ಧೀ' ಕೇಳಿ ನಮ್ಮ ಮೈ ಉರಿಯಿತು. ಆದರೆ ಮುಂದಿನ ಮಾತು ನಾವು ಓದಿದವರು ಯಾರೂ ಕೇಳಿರಲಿಲ್ಲ.

'ತಳಪಾಯ ಹಾಕುದ್ ಮ್ಯಾಲೆ ದುಡ್ ಬತ್ತದೆ ಅಂತೀರಿ. ತಳಪಾಯ ಹಾಕಕ್ಕೆ ದುಡ್ ಯಾರ್ ಕೊಟ್ಟಾರು?'

ಜಗಲಿಯ ಮೇಲೆ ನಗು. 'ನಾವಿಲ್ವೇನಮ್ಮಿ, ಬಾ ಮನೇತಾವ' ಅಂದರು ಒಬ್ಬ ಗೌಡರು.

ಅವರು ತಮಾಷೆ ಮಾಡಲಿಲ್ಲ, ನಿಜವನ್ನೇ ಹೇಳಿದರು. ಹಿಂದಿನ ಸಲ ನಮ್ಮ ಕೇರಿಯ ಒಂದು ಸಂಸಾರ ತಳಪಾಯಕ್ಕೆ ಅಂತ ಅದೇ ಮನೆಯಲ್ಲಿ ಸಾಲ ತಂದಿತ್ತು, ತಿಂಗಳಿಗೆ ನೂರಕ್ಕೆ ಐದು ಬಡ್ಡಿ. ಬಿಲ್ಲು ತಡವಾಯಿತು. ಬಡ್ಡಿಗೆ ಬದಲು ಹುಡುಗ ಅವರ ಹಟ್ಟಿಯ ಸಗಣಿ ಬಾಚಿದ, ಎರಡು ವರ್ಷ. ಜೀತವನ್ನ 1976ರ ಕಾಯ್ದೆ ರದ್ದು ಮಾಡಿದೆ ಅಂತ ನಾವು ಪರೀಕ್ಷೆಯಲ್ಲಿ ಬರೆದು ಮಾರ್ಕು ತಗೊಂಡಿದ್ದೆವು. ಸರ್ಕಾರದ ಮನೆಯ ತಳಪಾಯದಲ್ಲೇ ಅದು ಮತ್ತೆ ಹೂತುಕೊಂಡು ಕೂತಿದೆ ಅಂತ ನಮಗೆ ಹೊಳೆದದ್ದು ದೊಡ್ಡವ್ವ ಕೇಳಿದ ಮೇಲೆ. ಕೇಂದ್ರದ ಯೋಜನೆಯ ನಿಯಮ ಓದಿದ್ದೇವೆ, ಅಲ್ಲಿ ಮಂಜೂರಾದ ಏಳು ದಿನದೊಳಗೆ ಮೊದಲ ಕಂತು ಕೊಡಬೇಕು ಅಂತಿದೆ. ಹಾಗಾದರೆ ಮುಂಗಡ ಕೊಡೋದು ಆಗದ ಮಾತೇನಲ್ಲ.

ನಡಾವಳಿ ಪುಸ್ತಕ ಕೆಳಗೆ ಬಂತು, ಸಹಿಗೆ. 'ಪಟ್ಟಿಯನ್ನು ಸರ್ವಾನುಮತದಿಂದ ಅಂಗೀಕರಿಸಲಾಯಿತು' ಅಂತ ಬರೆದಾಗಿತ್ತು. ದೊಡ್ಡವ್ವನ ಮಾತು ಎಲ್ಲೂ ಇಲ್ಲ.

'ಸಾರ್, ನಮ್ಮವ್ವ ಕೇಳಿದ್ದು ಬರೀರಿ.'

'ತೀರ್ಮಾನ ಬರೀತೀವಿ ಕಣಪ್ಪ. ಕೇಳಿದ್ದನ್ನೆಲ್ಲ ಬರಿಯಾಕಾಯ್ತದ?'

'ಹಂಗಾರೆ ಸಹಿ ಇಲ್ಲ.'

ಕೇರಿಯವರು ಒಬ್ಬರೂ ಸಹಿ ಹಾಕಲಿಲ್ಲ. ಬಿಸಿಲು ಏರಿತು. ಜಗಲಿಯ ಮೇಲೆ ಎರಡು ಸಲ ಟೀ ಬಂತು. ಕೊನೆಗೆ ಪಂಚಾಯ್ತಿಯವರೇ ಬೇಸತ್ತು, 'ಬಂದು ನೀವೇ ಬರ್ಕೊಳ್ರಪ್ಪ' ಅಂದರು. ಬರೆಯಲು ಟೇಬಲ್ಲು ಬೇಕು. ಟೇಬಲ್ಲು ಇದ್ದದ್ದು ಮೇಲೆ.

ಹೋರಾಟ ಅಂತ ಹತ್ತಲಿಲ್ಲ. ಬರೆಯಬೇಕಿತ್ತು, ಹತ್ತಿದೆವು. ಮೂರೇ ಮೆಟ್ಟಿಲು. ಪದ್ಯ ಕಟ್ಟುವ ನಮಗೆ ಒಂದು ಸಾಲು ಅಷ್ಟು ಕಷ್ಟವಾದದ್ದು ಅದೇ ಮೊದಲು. ದೊಡ್ಡವ್ವ ಹೇಳಿದ ಹಾಗೇ, 'ಮ್ಯಾಲೆ' ಅಂತಲೇ ಬರೆದೆವು, ತಿದ್ದಲಿಲ್ಲ. ಹೆಬ್ಬೆಟ್ಟು ಒತ್ತಲು ಅವಳೂ ಬರಬೇಕಾಯ್ತು. ಮೂರನೇ ಮೆಟ್ಟಿಲಲ್ಲಿ ಒಂದು ಗಳಿಗೆ ನಿಂತಳು. ಆಮೇಲೆ ಮಂಡಿ ನೋವು ಅಂತ ಅಲ್ಲೇ ಜಗಲಿಯ ಮೇಲೆ ಕೂತುಬಿಟ್ಟಳು. ಯಾರೂ ಏಳು ಅನ್ನಲಿಲ್ಲ. ಒತ್ತಿದ ಮೇಲೆ ಶಾಯಿಯನ್ನ ಸೆರಗಿಗೆ ಒರೆಸಿಕೊಂಡಳು.

ತಳಪಾಯಕ್ಕೆ ಕೇರಿಯ ಹೆಂಗಸರ ಸಂಘ ದುಡ್ಡು ಕೊಟ್ಟಿತು. ಗೌಡರ ಮನೆಗೆ ಅವಳು ಹೋಗಲಿಲ್ಲ. ಮೊದಲ ಬಿಲ್ಲು ಬಂದದ್ದು ಒಂಬತ್ತು ತಿಂಗಳಿಗೆ. ಅಷ್ಟರಲ್ಲಿ ಇಟ್ಟಿಗೆ, ಮರಳು ಎರಡರ ದರವೂ ಏರಿತ್ತು. ಈಗಲೂ ಮನೆ ಲಿಂಟಲ್ ಮಟ್ಟಕ್ಕೇ ನಿಂತಿದೆ. ಮಳೆ ಬಂದರೆ ನಾಲ್ಕು ಗೋಡೆಯೊಳಗೆ ನೀರು ತುಂಬುತ್ತೆ. ದೊಡ್ಡವ್ವ ಪಕ್ಕದ ಗುಡ್ಲಲ್ಲೇ ಮಲಗ್ತಾಳೆ. ಮುಂದಿನ ವಾರ್ಡ್ ಸಭೆ ನಮ್ಮ ಕೇರಿಯಲ್ಲೇ, ಆ ಗೋಡೆಗಳ ಮುಂದೆಯೇ ನಡೆಯಲಿ ಅಂತ ಅರ್ಜಿ ಕೊಟ್ಟಿದ್ದೇವೆ.