ಇಂಟರ್‌ವ್ಯೂ ಆಗಿದ್ದು ನಂದೇ!

ಮಗು ನೋಡ್ಕೊಳ್ಳೋಕೆ ಅಂತ ಬಂದಿದ್ದ ಅಕ್ಕ ಈಗಷ್ಟೇ ಹೋದ್ರು. ನಾನು ಬಾಯಿ ತೆಗೆಯೋ ಮೊದಲೇ ಶುರು: "ಅತ್ತೆ ಮನೇಲಿರ್ತಾರಾ? ಕ್ಯಾಮೆರಾ ಹಾಕ್ಸಿದ್ದೀರಾ? ಪಾತ್ರೆನೂ ನಾನೇ ತೊಳೀಬೇಕಾ?" ಕೇಳ್ತಾ ಕೇಳ್ತಾನೇ ಅಳ್ತಿದ್ದ ಮಗೂನ ಸೊಂಟಕ್ಕೇರಿಸಿ ಕಿಟಕೀಲಿ ಕಾಗೆ ತೋರಿಸಿದ್ರು. ಮಗು ಗಪ್‌ಚುಪ್. ನಾನು ಅಲ್ಲೇ ಒಪ್ಪಿಬಿಟ್ಟೆ.

ಆದ್ರೆ ಅವರು ಐದಕ್ಕೆ ಹೊರಡ್ಲೇಬೇಕು, ಅವರ ಮಗಳು ಸ್ಕೂಲಿಂದ ಬರ್ತಾಳೆ. ನಾನು ಸಿಲ್ಕ್ ಬೋರ್ಡ್ ದಾಟಿ ಮನೆ ಸೇರೋದು ಏಳಕ್ಕೆ.

ಕಾನೂನಿನ ಪ್ರಕಾರ 26 ವಾರ ಹೆರಿಗೆ ರಜೆ ಇದೆ, ಸರಿ. 50 ಜನ ಇರೋ ಕಡೆ ಶಿಶುಪಾಲನಾ ಕೇಂದ್ರನೂ ಇರ್ಬೇಕು. ನಮ್ಮದು ಚಿಕ್ಕ ಆಫೀಸು, ಆ ಲೆಕ್ಕಕ್ಕೇ ಬರಲ್ಲ. ಈ ಎರಡು ಗಂಟೆ ಯಾರ ತಲೆಗೆ ಕಟ್ಟೋದು?

ಬಿಟಿಎಂ ಕಡೆ ಸಂಜೆಗೆ ಯಾರಾದ್ರೂ ಗೊತ್ತಿದ್ರೆ ಇನ್‌ಬಾಕ್ಸ್ ಮಾಡ್ರಪ್ಪಾ.