ಪಿನ್‌ಕೋಡ್ ಒಡೆಯುವ ಚಟ

ಮದುವೆಯ ಕರೆಯೋಲೆ ಕೈಗೆ ಬಂದರೆ ನನ್ನ ಕಣ್ಣು ಮೊದಲು ಹೋಗುವುದು ಕಲ್ಯಾಣಮಂಟಪದ ಪಿನ್‌ಕೋಡಿಗೆ. ಮುಹೂರ್ತ ಆಮೇಲೆ. ಆ ಆರು ಅಂಕಿಗಳನ್ನು ಅಪವರ್ತನಗಳಾಗಿ ಒಡೆಯದೆ ಸಮಾಧಾನವಿಲ್ಲ.

1972ರ ಆಗಸ್ಟ್ 15ರಂದು ಪಿನ್‌ಕೋಡ್ ಜಾರಿಗೆ ಬಂತು. ಬೆಂಗಳೂರಿನ ಪಾಲಿಗೆ 560 ಬಂದದ್ದು ನನ್ನಂಥವರ ಪುಣ್ಯ. ಏಳೆಂಟ್ಲ ಐವತ್ತಾರು. ಹಾಗಾಗಿ 560000 ಅನ್ನು 7 ಶೇಷವಿಲ್ಲದೆ ಭಾಗಿಸುತ್ತದೆ. ಈ ಊರಿನ ಯಾವ ಬಡಾವಣೆಯೇ ಇರಲಿ, ಕೊನೆಯ ಮೂರಂಕಿ 7ಕ್ಕೆ ಹೋದರೆ ಇಡೀ ಪಿನ್ನೇ ಹೋಗುತ್ತದೆ.

ಜಯನಗರದ 560011 ಬಲು ಬಿಗುಮಾನದ್ದು. 3, 7, 11, 13 ಎಂದು ಹಾಕುತ್ತಾ ಹೋಗಿ, ಇನ್ನು ಸಾಕು ಎನ್ನುವಷ್ಟರಲ್ಲಿ 103 ಸಿಗುತ್ತದೆ: 103×5437. ಎರಡೂ ಅವಿಭಾಜ್ಯ. ಜೆ.ಪಿ. ನಗರದ 560078 ಸಮಸಂಖ್ಯೆಯಾದರೂ 2ರಿಂದ ಭಾಗಿಸಿದ ಮೇಲೆ 97ರ ತನಕ ಕಾಯಿಸುತ್ತದೆ. ಬಿ.ಟಿ.ಎಂ. ಮೊದಲ ಹಂತದ 560029 ಮಾತ್ರ ಜಪ್ಪಯ್ಯ ಎಂದರೂ ಜಗ್ಗದು. ಅದರ ವರ್ಗಮೂಲ 748ಕ್ಕಿಂತ ಚೂರು ಹೆಚ್ಚು. ಅಲ್ಲಿಯವರೆಗಿನ 132 ಅವಿಭಾಜ್ಯಗಳಲ್ಲಿ ಒಂದೂ ಅದನ್ನು ಭಾಗಿಸುವುದಿಲ್ಲ. (ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಇಷ್ಟಕ್ಕೆಲ್ಲ ಪುರುಸೊತ್ತು ಸಿಗುತ್ತದೆ.)

ಆದರೆ ನನಗೆ ಅಚ್ಚುಮೆಚ್ಚು ಬನಶಂಕರಿ ಎರಡನೇ ಹಂತದ 560070. 7ರಿಂದ ಭಾಗಿಸಿ: 80010. ಇನ್ನೊಮ್ಮೆ 7: 11430. 2 ಮತ್ತು 5 ತೆಗೆದು ಸೊನ್ನೆ ಕಳಚಿದರೆ 1143. ಅಂಕಿಗಳನ್ನು ಕೂಡಿದರೆ 9, ಆದ್ದರಿಂದ 9ಕ್ಕೂ ಹೋಗುತ್ತದೆ. ತಳದಲ್ಲಿ ಉಳಿಯುವುದು 127. ಇದೇನು ಸಾಮಾನ್ಯದ್ದೇ? ಏಳು ಎರಡುಗಳನ್ನು ಗುಣಿಸಿ ಒಂದು ಕಳೆದರೆ ಬರುವ ಮರ್ಸೆನ್ ಅವಿಭಾಜ್ಯ. ಇದನ್ನು 64ರಿಂದ ಗುಣಿಸಿದರೆ 8128. ತನಗಿಂತ ಚಿಕ್ಕ ಭಾಜಕಗಳನ್ನೆಲ್ಲ ಕೂಡಿದರೆ ತಾನೇ ಆಗುವ ಪರಿಪೂರ್ಣ ಸಂಖ್ಯೆ, ಪ್ರಾಚೀನ ಗ್ರೀಕರಿಗೂ ಗೊತ್ತಿದ್ದದ್ದು. ಇನ್ನು 560070ರ ಅಂಕಿಗಳ ಮೊತ್ತ 18, ಆ 18 ಕೂಡ ಅದನ್ನು ಭಾಗಿಸುತ್ತದೆ. ಇಂಥವಕ್ಕೆ ದೇವಲಾಲಿಯ ಶಾಲಾಮೇಷ್ಟ್ರು ಕಾಪ್ರೇಕರ್ ಹರ್ಷದ ಸಂಖ್ಯೆ ಎಂದು ಹೆಸರಿಟ್ಟರು. ಹಳಬರು ಇವತ್ತಿಗೂ ‘ಬೆಂಗಳೂರು-70’ ಎಂದೇ ಬರೆಯುತ್ತಾರಲ್ಲ, ಆ 70 ಕೂಡ ಭಾಜಕವೇ: 70×8001. ಒಟ್ಟು ಭಾಜಕಗಳು 72. ಬಿಗುಮಾನದ ಜಯನಗರಕ್ಕೆ ನಾಲ್ಕೇ.

ಇದೇ ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿ 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರಂಕಿಯ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದರು. ನನಗೆ ಆ ಆತುರ ಬೇಡ. ಗುಣಿಸುವುದು ಕಟ್ಟುವ ಕೆಲಸ. ಬಿಚ್ಚಿ ನೋಡುವುದರಲ್ಲಿ ನಿಧಾನವೇ ಸುಖ.

ಪದ್ಮನಾಭನಗರದ ಪಿನ್ನೂ ಇದೇ 560070. ಅಲ್ಲಿರುವ ಗೆಳೆಯನಿಗೆ ಕಾಫಿ ಕುಡಿಯುತ್ತಾ ಇದೆಲ್ಲ ವಿವರಿಸಿದೆ. ಅವನು ಲೋಟ ಕೆಳಗಿಟ್ಟ. “ಎಪ್ಪತ್ತೆರಡು ಭಾಗನಾ? ನಮ್ಮ ಮೂವತ್ತು-ನಲವತ್ತು ಸೈಟನ್ನ ಅಣ್ಣತಮ್ಮಂದಿರು ಮೂರು ಭಾಗ ಮಾಡ್ಕೊಳ್ಳೋಕೇ ಆಗ್ತಿಲ್ಲ ಗುರು!”

1200 ಚದರಡಿ. 3ಕ್ಕೆ ಶೇಷವಿಲ್ಲದೆ ಹೋಗುತ್ತದೆ. ಹೇಳಲು ಹೋಗಲಿಲ್ಲ.